ಎಎಮ್‌ಡಿ3100 ಹಾಕಿದ ಮೇಲೆ ಸಿಎಕ್ಸ್‌ಸಿಆರ್4 ಸಿಗ್ನಲ್ ಬಿದ್ದುಹೋಯಿತು. ಪ್ರೋಟೀನ್ ನಿಜಕ್ಕೂ ಸೆಲ್ ಒಳಗೆ ಹೋಯಿತೇ?

ಕುಕ್ಕರಹಳ್ಳಿ_ಏರಿ:

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಇದು ಎರಡನೇ ವರ್ಷ. ಕೆಲಸ ಹಲ್ಲಿನ ತಿರುಳಿನಲ್ಲಿ ಸಿಗುವ ಕಾಂಡಕೋಶಗಳ ಮೇಲೆ. ದಂತ ವೈದ್ಯರು ಕಿತ್ತ ಬುದ್ಧಿಹಲ್ಲು ಕೊಡುತ್ತಾರೆ. ರೋಗಿಯ ಒಪ್ಪಿಗೆ ಪತ್ರ, ಎಥಿಕ್ಸ್ ಸಮಿತಿ ಎಲ್ಲ ಆಗಿದೆ. ಹಲ್ಲು ಒಡೆದು ಒಳಗಿನ ಎಳೆಯಂಥ ತಿರುಳು ತೆಗೆದು ಕಲ್ಚರ್‌ಗೆ ಹಾಕುತ್ತೇವೆ, ಸ್ವಲ್ಪ ದಿನಕ್ಕೆ ತಟ್ಟೆಯ ತಳದಲ್ಲಿ ಸೆಲ್ಸ್ ಹರಡಿಕೊಳ್ಳುತ್ತವೆ.

ಪ್ರಶ್ನೆ ಸಿಎಕ್ಸ್‌ಸಿಆರ್4 ಬಗ್ಗೆ. ಬೇರೆ ವಿಷಯದವರೂ ಇಲ್ಲಿ ಓದುತ್ತಾರೆ ಅಂತ ಎರಡು ಮಾತು ಹೇಳಿಬಿಡುತ್ತೇನೆ. ಇದು ಸೆಲ್ ಮೇಲ್ಮೈಯಲ್ಲಿ ಇದ್ದು ಹೊರಗಿನ ಸಂಕೇತ ಹಿಡಿಯುವ ಪ್ರೋಟೀನ್ (ಇಂಥದ್ದಕ್ಕೆ ರಿಸೆಪ್ಟರ್ ಅನ್ನುತ್ತಾರೆ), ಪೊರೆಯನ್ನು ಏಳು ಸಲ ದಾಟಿ ಹೊಲಿಗೆ ಹಾಕಿದ ಹಾಗೆ ಕೂತಿರುತ್ತದೆ. ಗಾಯ ಆದ ಜಾಗದಿಂದ ಸಿಎಕ್ಸ್‌ಸಿಎಲ್12 ಅನ್ನುವ ಸಣ್ಣ ಪ್ರೋಟೀನ್ ಹೊರಡುತ್ತದೆ, ಹಳೇ ಪುಸ್ತಕಗಳಲ್ಲಿ ಎಸ್‌ಡಿಎಫ್-1 ಅಂತ ಇರುತ್ತದೆ. ಅದು ಬಂದು ಸಿಎಕ್ಸ್‌ಸಿಆರ್4ಗೆ ಕೂತರೆ ಸೆಲ್ ಆ ಕಡೆ ಹೊರಡುತ್ತದೆ. ಈ ದಾರಿ ಮುಚ್ಚಿದರೆ ನಮ್ಮ ಸೆಲ್ಸ್ ನಿಲ್ಲುತ್ತವೆಯೇ ಅಂತ ನೋಡಬೇಕು. ಮುಚ್ಚುವುದಕ್ಕೆ ತರಿಸಿದ್ದು ಎಎಮ್‌ಡಿ3100, ಔಷಧಿಯಾಗಿ ಅದರ ಹೆಸರು ಪ್ಲೆರಿಕ್ಸಾಫೋರ್.

ಈಗ ತೊಂದರೆ. ತಟ್ಟೆಗೆ ಅಂಟಿದ ಸೆಲ್ಸ್‌ಗೆ ಟ್ರಿಪ್ಸಿನ್ ಅನ್ನುವ ಎನ್‌ಜೈಮ್ ಹಾಕಿ ಎಬ್ಬಿಸಿ, ಟ್ಯೂಬಿನಲ್ಲಿ ಎಎಮ್‌ಡಿ3100 ಹಾಕಿ ಅರ್ಧ ಗಂಟೆ 37 ಡಿಗ್ರಿಯಲ್ಲಿ ಇಟ್ಟೆ. ತೊಳೆಯದೆ ಅದೇ ಟ್ಯೂಬಿಗೆ 12ಜಿ5 ಅನ್ನುವ ಆಂಟಿಬಾಡಿ (ಸಿಎಕ್ಸ್‌ಸಿಆರ್4 ಗುರುತಿಸಿ ಹಿಡಿಯುವ, ಹೊಳೆಯುವ ಬಣ್ಣ ಹೊತ್ತ ಪ್ರೋಟೀನ್) ಹಾಕಿ, ಒಂದೊಂದು ಸೆಲ್‌ನ ಹೊಳಪು ಅಳೆಯುವ ಫ್ಲೋ ಸೈಟೋಮೀಟರ್‌ಗೆ ಕೊಟ್ಟೆ. ಮೊದಲೇ ಸಣ್ಣದಾಗಿದ್ದ ಸಿಗ್ನಲ್ ಪೂರ್ತಿ ಬಿದ್ದುಹೋಯಿತು. ಮೂರು ಸಲ ಮಾಡಿದೆ, ಮೂರೂ ಸಲ ಹಾಗೇ. ಗೈಡ್ ಸರ್ ನೋಡಿ, "ರಿಸೆಪ್ಟರ್ ಒಳಗೆ ಹೋಗಿದೆಯಮ್ಮ, ಹಾಗೇ ಬರಿ" ಅಂದರು. ಅವರ ಅನುಭವದ ಮುಂದೆ ನಾನು ಏನೂ ಅಲ್ಲ, ಆದರೂ ಮನಸ್ಸು ಒಪ್ಪುತ್ತಿಲ್ಲ. ಸಿಎಕ್ಸ್‌ಸಿಎಲ್12 ಕೂತರೆ ರಿಸೆಪ್ಟರ್ ಒಳಗೆ ಸರಿಯುತ್ತದೆ ಅಂತ ಓದಿದ್ದೇನೆ. ಎಎಮ್‌ಡಿ3100 ಸುಮ್ನೆ ಅಡ್ಡ ಕೂರುವ ಅಣು ಅಲ್ವಾ, ಅದು ಯಾಕೆ ಒಳಗೆ ಎಳೆಯಬೇಕು?

ಇನ್ನೆರಡು ವಿಷಯ ಇದೆ, ಸಂಬಂಧ ಇರಬಹುದು ಅಂತ ಹೇಳುತ್ತಿದ್ದೇನೆ. ಪುಡಿಯನ್ನು ಮೊದಲು ಡಿಎಮ್‌ಎಸ್‌ಒ ಅನ್ನುವ ದ್ರಾವಕದಲ್ಲಿ ಕರಗಿಸಲು ಹೋದೆ, ಕರಗಲಿಲ್ಲ, ಅಕ್ಕಿ ತೊಳೆದ ನೀರಿನ ಹಾಗೆ ಕದಡಿ ತಳಕ್ಕೆ ಕೂತಿತು. ಆಮೇಲೆ ನೀರಿಗೆ ಹಾಕಿದೆ, ಕ್ಷಣದಲ್ಲಿ ಕರಗಿತು. ಲೆಕ್ಕಕ್ಕೆ ಅಣುತೂಕ 502.8 ಅಂತ ಹಿಡಿದೆ. ಇನ್ನೊಂದು, ಟ್ರಾನ್ಸ್‌ವೆಲ್‌ನಲ್ಲಿ (ತಳದಲ್ಲಿ ರಂಧ್ರ ಇರುವ ಬುಟ್ಟಿ, ಅದರ ಕೆಳಗೆ ಬಾವಿ) ಕೆಳಗಡೆ ಸಿಎಕ್ಸ್‌ಸಿಎಲ್12 ಇಟ್ಟು ಸೆಲ್ಸ್ ಎಷ್ಟು ಇಳಿಯುತ್ತವೆ ಅಂತ ಎಣಿಸಿದರೆ, ಒಂದು ಸಲ ಎಎಮ್‌ಡಿ3100 ಚೆನ್ನಾಗಿ ತಡೆಯುತ್ತದೆ, ಇನ್ನೊಂದು ಸಲ ಏನೂ ವ್ಯತ್ಯಾಸ ಇಲ್ಲ.

ಮೂರು ವಾರದಲ್ಲಿ ಸೆಮಿನಾರ್ ಇದೆ. ತಪ್ಪು ಮಾತು ಹೇಳಿ ನಿಲ್ಲುವುದು ನನಗೆ ಬೇಡ. ಗೊತ್ತಿರುವವರು ದಯವಿಟ್ಟು ಹೇಳಿ.


ಲೇಸರ್_ಅಕ್ಕ:

ತಂಗಿ, ನಿನ್ನ ಅನುಮಾನ ಸರಿಯಾಗಿದೆ. ಆ ವಾಕ್ಯ ಸದ್ಯಕ್ಕೆ ಬರೆಯಬೇಡ.

ನಾನು ಮಂಡ್ಯದವಳು, ಬೆಂಗಳೂರಿನಲ್ಲಿ ಫ್ಲೋ ಸೈಟೋಮೀಟರ್ ನೋಡಿಕೊಳ್ಳುವ ಕೆಲಸ, ಹನ್ನೊಂದು ವರ್ಷ ಆಯಿತು. ಈ ತೊಂದರೆ ತಗೊಂಡು ನನ್ನ ಹತ್ತಿರ ಬಂದವರಲ್ಲಿ ನೀನು ಮೊದಲನೆಯವಳಲ್ಲ. ತಪ್ಪು ಸೆಲ್ಸ್‌ದಲ್ಲ, ಔಷಧಿಯದ್ದೂ ಅಲ್ಲ. ಇರುವುದು ಆಂಟಿಬಾಡಿಯಲ್ಲಿ.

ಮೈಸೂರು ಬಸ್ ಸ್ಟ್ಯಾಂಡಿನಲ್ಲಿ ಮಂಡ್ಯ ಬಸ್ ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರೆ, ನೋಡಿದ್ದೀಯಲ್ಲ? ಎಎಮ್‌ಡಿ3100 ಅಂದರೆ ಆ ಟವೆಲ್. ಸೀಟು ಎಲ್ಲೂ ಹೋಗಿಲ್ಲ, ಅಲ್ಲೇ ಇದೆ, ಕೂರಬೇಕಾದ ಸಿಎಕ್ಸ್‌ಸಿಎಲ್12ಗೆ ಮಾತ್ರ ಜಾಗ ಇಲ್ಲ. ಈಗ ಬಸ್ಸಿನಲ್ಲಿ ಎಷ್ಟು ಸೀಟಿದೆ ಅಂತ ಎಣಿಸುವುದಕ್ಕೆ ಒಬ್ಬ ಬಂದ ಅಂತ ಇಟ್ಟುಕೋ. ಅವನು ಸೀಟಿನ ಮೆತ್ತೆ ಮುಟ್ಟಿ ಮುಟ್ಟಿ ಎಣಿಸುವವನು. ಟವೆಲ್ ಬಿದ್ದ ಕಡೆ ಮೆತ್ತೆ ಕೈಗೆ ಸಿಗುವುದಿಲ್ಲ, ಹಾಗಾಗಿ ಸೀಟೇ ಇಲ್ಲ ಅಂತ ಬರೆದುಕೊಳ್ಳುತ್ತಾನೆ. 12ಜಿ5 ಹಾಗೆ ಎಣಿಸುವ ಆಂಟಿಬಾಡಿ. ಸಿಎಕ್ಸ್‌ಸಿಆರ್4 ಹೊರಗಡೆ ಮೂರು ಕುಣಿಕೆ ಚಾಚಿಕೊಂಡಿರುತ್ತದೆ, ಅದರಲ್ಲಿ ಎರಡನೇ ಕುಣಿಕೆಯನ್ನು ಮುಖ್ಯವಾಗಿ ಹಿಡಿಯುತ್ತದೆ 12ಜಿ5. ಎಎಮ್‌ಡಿ3100 ಕೂರುವುದು ಅದರ ಪಕ್ಕದ ಗುಂಡಿಯಲ್ಲಿ. ಒಂದು ಇದ್ದರೆ ಇನ್ನೊಂದಕ್ಕೆ ಕೂರಲು ಆಗುವುದಿಲ್ಲ. ಇದು ಹೊಸ ವಿಷಯ ಅಲ್ಲ, 1990ರ ದಶಕದಲ್ಲಿ ಈ ಅಣು ಎಲ್ಲಿ ಕೂರುತ್ತದೆ ಅಂತ ಹುಡುಕುವಾಗ ಇದೇ ಗುಣವನ್ನು ಸಾಕ್ಷಿಯಾಗಿ ಬಳಸಿಕೊಂಡರು: 12ಜಿ5 ಕೂರುತ್ತಿಲ್ಲ, ಅಂದರೆ ಔಷಧಿ ಸಿಎಕ್ಸ್‌ಸಿಆರ್4 ಮೇಲೇ ಕೂತಿದೆ ಅಂತ.

ಸೀಟಿನ ಕಾಲು ನೋಡಿ ಎಣಿಸುವವನೂ ಇದ್ದಾನೆ. 1ಡಿ9 ಅನ್ನುವ ಇನ್ನೊಂದು ಆಂಟಿಬಾಡಿ. ಅದು ಪ್ರೋಟೀನಿನ ಹೊರಗಿನ ತುದಿ, ಎನ್-ಟರ್ಮಿನಸ್ ಹಿಡಿಯುತ್ತದೆ. ಟವೆಲ್ ಇದ್ದರೂ ಇಲ್ಲದಿದ್ದರೂ ಅದಕ್ಕೆ ಲೆಕ್ಕ ತಪ್ಪುವುದಿಲ್ಲ.

ಆದರೆ 1ಡಿ9 ತರಿಸುವ ತನಕ ಕಾಯಬೇಕಾಗಿಲ್ಲ. ನಾಳೆಯೇ ಮಾಡಬಹುದಾದ ಪ್ರಯೋಗ ಒಂದಿದೆ, ದುಡ್ಡೂ ಬೇಡ. ಐಸ್ ಬಕೆಟ್ ತಗೋ. ಸೆಲ್ಸ್ ಐಸ್ ಮೇಲೆ ಹದಿನೈದು ನಿಮಿಷ ತಣ್ಣಗಾಗಲಿ. ತಣ್ಣಗಿರುವ ಎಎಮ್‌ಡಿ3100 ಹಾಕು, ಐಸ್ ಮೇಲೇ ಅರ್ಧ ಗಂಟೆ. ಆಮೇಲೆ 12ಜಿ5, ಅದೂ ಐಸ್ ಮೇಲೆ. ಬಫರ್‌ಗೆ ಸೋಡಿಯಂ ಅಜೈಡ್ ಸ್ವಲ್ಪ ಇದ್ದರೆ ಇನ್ನೂ ಒಳ್ಳೆಯದು, ಆದರೆ ಅದು ವಿಷ, ಗ್ಲೌಸ್ ಹಾಕಿಕೋ. ಆ ತಣ್ಣಗಿನಲ್ಲಿ ಸೆಲ್ ಯಾವ ರಿಸೆಪ್ಟರನ್ನೂ ಒಳಗೆ ಎಳೆದುಕೊಳ್ಳಲಾರದು. ಆದರೂ ಸಿಗ್ನಲ್ ಬಿದ್ದರೆ, ಪ್ರೋಟೀನ್ ಮೇಲೇ ಇದೆ, ಬರೀ ಮರೆಯಾಗಿದೆ ಅಂತ ಅರ್ಥ. ಪಕ್ಕದಲ್ಲಿ ಇನ್ನೊಂದು ಟ್ಯೂಬ್ ಇಡು: ಎಎಮ್‌ಡಿ3100 ಬದಲು ಸಿಎಕ್ಸ್‌ಸಿಎಲ್12 ಹಾಕಿ 37 ಡಿಗ್ರಿಯಲ್ಲಿ ಅರ್ಧ ಗಂಟೆ, ಆಮೇಲೆ ತೊಳೆದು ಐಸ್. ಅದರಲ್ಲಿ ನಿಜವಾಗಿ ಒಳಗೆ ಹೋಗುವುದು ಹೇಗಿರುತ್ತದೆ ಅಂತ ಕಾಣುತ್ತದೆ. ಒಂದು ಎಚ್ಚರಿಕೆ, ಸಿಎಕ್ಸ್‌ಸಿಎಲ್12 ಕೂಡ ಕೂತಿದ್ದಷ್ಟು ಹೊತ್ತು 12ಜಿ5ಗೆ ಅಡ್ಡ ಬರುತ್ತದೆ, ಹಾಗಾಗಿ ಈ ಟ್ಯೂಬಿಗೆ ಕೊನೆಗೆ 1ಡಿ9 ಬೇಕೇ ಬೇಕು.

ಟ್ರಿಪ್ಸಿನ್ ವಿಷಯ ಬೇರೆ. ಮೇಲ್ಮೈ ಪ್ರೋಟೀನುಗಳ ಹೊರಗೆ ಚಾಚಿದ ಭಾಗವನ್ನು ಅದು ಕತ್ತರಿಸಬಲ್ಲದು. ನೀನು ಎಣಿಸಲು ಹೊರಟಿರುವುದೇ ಆ ಭಾಗ. ಟ್ರಿಪ್ಸಿನ್ ಬದಲು, ಇಡಿಟಿಎ ಹಾಕಿದ ಪಿಬಿಎಸ್ ಅನ್ನುವ ಉಪ್ಪುನೀರಿನ ಬಫರ್‌ನಲ್ಲಿ ಮೆಲ್ಲಗೆ ಎಬ್ಬಿಸು, ಹೊತ್ತು ಜಾಸ್ತಿ ಹಿಡಿಯುತ್ತದೆ, ತಟ್ಟೆ ಮೆಲ್ಲಗೆ ತಟ್ಟಬೇಕು, ಪರವಾಗಿಲ್ಲ. ಹಾಗೆ ಮಾಡಿದರೂ ಇಂಥ ಸೆಲ್ಸ್‌ನಲ್ಲಿ ಮೇಲ್ಮೈಯ ಸಿಎಕ್ಸ್‌ಸಿಆರ್4 ಕಮ್ಮಿಯೇ ಇರುತ್ತದೆ, ಜಾಸ್ತಿ ಪಾಲು ಸೆಲ್ ಒಳಗೇ ಇರುತ್ತದೆ. ಪ್ಯಾಸೇಜ್ ಏರಿದ ಹಾಗೆ, ಅಂದರೆ ತಟ್ಟೆಯಿಂದ ತಟ್ಟೆಗೆ ಹಂಚಿ ಬೆಳೆಸಿದ ಹಾಗೆ, ಇನ್ನೂ ಇಳಿಯುತ್ತದೆ. ಆದ್ದರಿಂದ ಜೊತೆಗೆ ಜರ್ಕಟ್ ಸೆಲ್ಸ್ (ಲ್ಯಾಬಿನಲ್ಲಿ ಬೆಳೆಸುವ ಒಂದು ಬಗೆಯ ರಕ್ತದ ಸೆಲ್ಸ್) ಓಡಿಸು. ಅವುಗಳ ಮೇಲೆ ಸಿಎಕ್ಸ್‌ಸಿಆರ್4 ಧಾರಾಳ. ಪುಣೆಯ ಎನ್‌ಸಿಸಿಎಸ್ ಸಂಸ್ಥೆಯ ಸೆಲ್ ಸಂಗ್ರಹದಿಂದ ತರಿಸಬಹುದು, ಅಥವಾ ನಿಮ್ಮ ಊರಲ್ಲೇ ಯಾವುದಾದರೂ ಲ್ಯಾಬಿನಲ್ಲಿ ಇದ್ದೇ ಇರುತ್ತದೆ, ಕೇಳು. ಜರ್ಕಟ್‌ನಲ್ಲಿ ದೊಡ್ಡ ಸಿಗ್ನಲ್ ಬೀಳುವುದನ್ನು ಒಮ್ಮೆ ಕಣ್ಣಾರೆ ನೋಡಿದರೆ, ನಿನ್ನ ಸಣ್ಣ ಸಿಗ್ನಲ್ ಬಗ್ಗೆ ಮಾತಾಡಲು ಧೈರ್ಯ ಬರುತ್ತದೆ.

ಸತ್ತ ಸೆಲ್ಸ್ ತೋರಿಸುವ ಬಣ್ಣ ಹಾಕಲು ಮರೆಯಬೇಡ. ಸತ್ತವು ಯಾವ ಆಂಟಿಬಾಡಿಯನ್ನಾದರೂ ಹಿಡಿದುಕೊಳ್ಳುತ್ತವೆ.


ಹಳೇ_ಬೀಕರ್:

ಮಗಳೇ, ನಾನು ಬಯಾಲಜಿಯವನಲ್ಲ. ಮೂವತ್ತು ವರ್ಷ ಕೆಮಿಸ್ಟ್ ಆಗಿ ದುಡಿದು ಈಗ ಸರಸ್ವತಿಪುರಂನಲ್ಲಿ ಮನೆಯಲ್ಲಿದ್ದೇನೆ. ನಿನ್ನ ಪುಡಿಯ ವಿಷಯ ಓದಿ ಸುಮ್ಮನೆ ಇರಲು ಆಗಲಿಲ್ಲ.

ಡಬ್ಬಿಯ ಲೇಬಲ್ ಓದು. ಆಕ್ಟಾಹೈಡ್ರೋಕ್ಲೋರೈಡ್ ಅಂತ ಇದೆಯಾ? ನೀರಿನಲ್ಲಿ ಕ್ಷಣದಲ್ಲಿ ಕರಗಿತು, ಡಿಎಮ್‌ಎಸ್‌ಒದಲ್ಲಿ ಕರಗಲಿಲ್ಲ ಅಂದಮೇಲೆ ಅದೇ ಇರಬೇಕು. ಈ ಅಣುವಿನಲ್ಲಿ ಎರಡು ದೊಡ್ಡ ಉಂಗುರ. ಒಂದೊಂದು ಉಂಗುರದಲ್ಲಿ ನಾಲ್ಕು ನೈಟ್ರೋಜನ್. ನಡುವೆ ಬೆಂಜೀನ್ ಉಂಗುರದ ಸೇತುವೆ. ಒಟ್ಟು ಎಂಟು ನೈಟ್ರೋಜನ್, ಒಂದೊಂದಕ್ಕೆ ಒಂದೊಂದು ಹೈಡ್ರೋಕ್ಲೋರಿಕ್ ಆಸಿಡ್ ಅಂಟಿದರೆ ಎಂಟು. ಬರೀ ಅಣುವಿನ ತೂಕ 502.8. ಉಪ್ಪಿನ ತೂಕ 794.5. ನೀನು ಉಪ್ಪನ್ನು ತೂಗಿ, ಲೆಕ್ಕ ಮಾತ್ರ ಬರೀ ಅಣುವಿನದ್ದು ಹಾಕಿದ್ದೀಯ.

ಇದರಿಂದ ಏನಾಗುತ್ತದೆ ನೋಡು. 1 ಮಿಲಿಲೀಟರ್ ನೀರಿಗೆ 10 ಮಿಲಿಮೋಲಾರ್ ಬೇಕಾದರೆ 7.94 ಮಿಲಿಗ್ರಾಂ ಹಾಕಬೇಕಿತ್ತು. ನೀನು 5.03 ಹಾಕಿರುತ್ತೀಯ. ನಿನ್ನ ಟ್ಯೂಬಿನ ಮೇಲೆ 10 ಅಂತ ಬರೆದಿದೆ, ಒಳಗಿರುವುದು 6.3. ಮುಂದಿನ ಎಲ್ಲ ಪ್ರಯೋಗದಲ್ಲೂ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಕೊರತೆ. ನೀನು ಬೇರೆ ಪೇಪರ್ ಜೊತೆ ಹೋಲಿಸುವಾಗಲೂ ಇದೇ ಗೊಂದಲ ಕಾದಿರುತ್ತದೆ. ಒಬ್ಬರು ಮಿಲಿಲೀಟರಿಗೆ 5 ಮೈಕ್ರೋಗ್ರಾಂ ಅಂತ ಬರೆದಿರುತ್ತಾರೆ. ಬರೀ ಅಣುವಾದರೆ ಅದು ಹೆಚ್ಚುಕಮ್ಮಿ 10 ಮೈಕ್ರೋಮೋಲಾರ್, ಉಪ್ಪಾದರೆ 6.3. ಯಾವುದು ಅಂತ ಅವರು ಹೇಳಿದ್ದಾರಾ ನೋಡು, ನೀನಂತೂ ಬರಿ. ಡಿಎಮ್‌ಎಸ್‌ಒದಲ್ಲಿ ಕದಡಿದ್ದನ್ನು ಎಸೆದುಬಿಡು, ಅದರಿಂದ ಮೇಲಿನ ತಿಳಿ ತೆಗೆದು ಬಳಸಿದ ಪ್ರಯೋಗ ಇದ್ದರೆ ಅದನ್ನೂ ಬಿಟ್ಟುಬಿಡು. ಮತ್ತೆ, ಎಂಟು ಆಸಿಡ್ ಹೊತ್ತಿರುವ ಉಪ್ಪು ಅಂದಮೇಲೆ ಸ್ಟಾಕ್ ಹುಳಿಯಾಗಿರುತ್ತದೆ. ಮೀಡಿಯಾಗೆ ಸಾವಿರ ಪಟ್ಟು ತೆಳುವಾದಾಗ ತೊಂದರೆ ಇಲ್ಲ, ಆದರೂ ಗಮನದಲ್ಲಿರಲಿ.

ಆ ಉಂಗುರಗಳ ಹೆಸರು ಸೈಕ್ಲಾಮ್. ಲೋಹದ ಅಯಾನುಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ, ತಾಮ್ರ, ನಿಕ್ಕಲ್, ಸತು ಎಲ್ಲವನ್ನೂ. ಲೋಹ ಹಿಡಿದ ಎಎಮ್‌ಡಿ3100 ಸಿಎಕ್ಸ್‌ಸಿಆರ್4ಗೆ ಇನ್ನೂ ಬಿಗಿಯಾಗಿ ಕೂರುತ್ತದೆ. ಅದಕ್ಕೇ ನೀರು ಒಳ್ಳೆಯದಿರಬೇಕು. ನಲ್ಲಿ ನೀರು ಬಟ್ಟಿ ಇಳಿಸಿದ್ದು ಅಂತ ಸಮಾಧಾನ ಮಾಡಿಕೊಳ್ಳಬೇಡ.

ಇದರ ಹುಟ್ಟಿನ ಕಥೆ ಹೇಳುತ್ತೇನೆ, ನಮ್ಮಂಥ ಕೆಮಿಸ್ಟ್‌ಗಳಿಗೆ ಬಹಳ ಹತ್ತಿರದ್ದು. ಬೆಲ್ಜಿಯಂನ ಲ್ಯೂವೆನ್ ಊರಿನಲ್ಲಿ ಎರಿಕ್ ಡಿ ಕ್ಲೆರ್ಕ್ ಅವರ ತಂಡ ಎಚ್‌ಐವಿ ತಡೆಯುವ ಅಣು ಹುಡುಕುತ್ತಿತ್ತು. ಒಂದು ಸೈಕ್ಲಾಮ್ ಸ್ಯಾಂಪಲ್ ವೈರಸ್ಸನ್ನು ತಡೆಯಿತು. ಶುದ್ಧ ಮಾಡಿದ ಸೈಕ್ಲಾಮ್ ಹಾಕಿದರೆ ಕೆಲಸವೇ ಇಲ್ಲ. ಕಡೆಗೆ ನೋಡಿದರೆ, ಕೆಲಸ ಮಾಡುತ್ತಿದ್ದದ್ದು ಆ ಸ್ಯಾಂಪಲ್‌ನಲ್ಲಿ ಸ್ವಲ್ಪವೇ ಸ್ವಲ್ಪ ಸೇರಿಕೊಂಡಿದ್ದ ಕಲಬೆರಕೆ, ಎರಡು ಸೈಕ್ಲಾಮ್ ಒಂದಕ್ಕೊಂದು ಅಂಟಿಕೊಂಡಿದ್ದ ಅಣು. ಅದರ ಬೆನ್ನು ಹತ್ತಿ ಸೇತುವೆ ಬದಲಿಸುತ್ತಾ ಹೋಗಿ ಎಎಮ್‌ಡಿ3100 ಬಂತು. ಆಗ ಅದು ಎಲ್ಲಿ ಕೂರುತ್ತದೆ ಅಂತಲೇ ಗೊತ್ತಿರಲಿಲ್ಲ. 1996ರಲ್ಲಿ ಸಿಎಕ್ಸ್‌ಸಿಆರ್4 ಎಚ್‌ಐವಿ ಒಳಗೆ ಬರುವ ಬಾಗಿಲುಗಳಲ್ಲಿ ಒಂದು ಅಂತ ತಿಳಿಯಿತು, ಆಮೇಲೆ ಈ ಅಣು ಆ ಬಾಗಿಲನ್ನೇ ಮುಚ್ಚುತ್ತಿದೆ ಅಂತ ಗೊತ್ತಾಯಿತು. ಎಚ್‌ಐವಿಗೆ ಔಷಧಿಯಾಗಿ ಅದು ನಿಲ್ಲಲಿಲ್ಲ. ಆದರೆ ಆರೋಗ್ಯವಾಗಿದ್ದವರಿಗೆ ಕೊಟ್ಟು ಪರೀಕ್ಷೆ ಮಾಡುವಾಗ ಅವರ ರಕ್ತದಲ್ಲಿ ಬಿಳಿ ಕಣ ಏರಿತು. ಯಾರೂ ಕಾದಿರಲಿಲ್ಲ. ಆ ಏರಿಕೆಯಲ್ಲಿ ಮಜ್ಜೆಯಿಂದ ಹೊರಬಿದ್ದ ಕಾಂಡಕೋಶಗಳೂ ಇದ್ದವು. ಯಾರೋ ಒಬ್ಬರು ಅದನ್ನು ಸಣ್ಣ ವಿಷಯ ಅಂತ ಬಿಡದೆ ನೋಡಿದ್ದರಿಂದ ಇವತ್ತು ಆ ಔಷಧಿ ಇದೆ. 2008ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ತಳಕ್ಕೆ ಕೂತ ಪುಡಿಯನ್ನು ನೋಡಿ ನೀನು ನಿಂತೆಯಲ್ಲ, ಅದು ನನಗೆ ಇಷ್ಟವಾಯಿತು ಕಣಮ್ಮ.


ಪೆಟ್ರಿ_ತಟ್ಟೆ:

ಟ್ರಾನ್ಸ್‌ವೆಲ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಇದರಲ್ಲಿ ಒಂದೂವರೆ ವರ್ಷ ಕಳೆದಿದ್ದೇನೆ.

ಮೊದಲು ಬೀಕರ್ ಸರ್ ಹೇಳಿದ ಲೆಕ್ಕ ಸರಿ ಮಾಡಿಕೊಳ್ಳಿ. ಆಮೇಲೆ ಎಎಮ್‌ಡಿ3100 ಯಾವ ಕಡೆ ಹಾಕುತ್ತಿದ್ದೀರಿ? ಬರೀ ಮೇಲಿನ ಬುಟ್ಟಿಗೆ ಹಾಕಿದರೆ ಅದು ರಂಧ್ರಗಳಿಂದ ಕೆಳಗೆ ಇಳಿದು ತೆಳುವಾಗುತ್ತಾ ಹೋಗುತ್ತದೆ. ಕೆಳಗಿನ ಬಾವಿಯಲ್ಲಿ ನೀರು ಜಾಸ್ತಿ, ರಾತ್ರಿಯಿಡೀ ಬಿಟ್ಟರೆ ಬೆಳಗ್ಗೆ ಹೊತ್ತಿಗೆ ಎಷ್ಟು ಉಳಿದಿರುತ್ತದೆ? ಎರಡೂ ಕಡೆ ಒಂದೇ ಪ್ರಮಾಣ ಹಾಕಿ. ಸೆಲ್ಸ್ ಜೊತೆ ಮೊದಲೇ ಅರ್ಧ ಗಂಟೆ ಇಟ್ಟು ಆಮೇಲೆ ಬುಟ್ಟಿಗೆ ಹಾಕಿ. ರಂಧ್ರ 8 ಮೈಕ್ರೋಮೀಟರ್ ಇರಲಿ, 5 ಆದರೆ ರಕ್ತದ ಸಣ್ಣ ಸೆಲ್ಸ್ ಇಳಿಯುತ್ತವೆ, ನಿಮ್ಮ ಉದ್ದನೆಯ ಸೆಲ್ಸ್ ಒದ್ದಾಡುತ್ತವೆ.

ಸಿಎಕ್ಸ್‌ಸಿಎಲ್12 ಕೂಡ ತಂಟೆ ಮಾಡುತ್ತದೆ. ಪ್ಲಾಸ್ಟಿಕ್‌ಗೆ ಅಂಟಿಕೊಂಡು ಮಾಯವಾಗುತ್ತದೆ, ಅದಕ್ಕೆ ಬಫರ್‌ನಲ್ಲಿ ಬಿಎಸ್‌ಎ ಅನ್ನುವ ಪ್ರೋಟೀನ್ ಸ್ವಲ್ಪ ಇರಬೇಕು. ಸೀರಮ್ ಬೇಡ. ಡಿಪಿಪಿ4 ಅನ್ನುವ ಎನ್‌ಜೈಮ್ ಸಿಎಕ್ಸ್‌ಸಿಎಲ್12ರ ತುದಿಯಿಂದ ಎರಡು ಅಮೈನೋ ಆಸಿಡ್ ಕತ್ತರಿಸಿದರೆ ಸಾಕು, ಅದು ಸೆಲ್ಸನ್ನು ಕರೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಆ ಎನ್‌ಜೈಮ್ ಸೀರಮ್‌ನಲ್ಲೂ ಇರುತ್ತದೆ, ಸೆಲ್ಸ್ ಮೇಲೂ ಇರಬಹುದು. ಒಂದು ದಿನ ಕೆಲಸ ಮಾಡಿ ಇನ್ನೊಂದು ದಿನ ಮಾಡದ್ದಕ್ಕೆ ನನ್ನ ಲ್ಯಾಬಿನಲ್ಲಿ ಇದೇ ಕಾರಣ ಇತ್ತು. ವೈಯಲ್ ಒಂದೇ ಸಲ ಸಣ್ಣ ಸಣ್ಣ ಟ್ಯೂಬಿಗೆ ಹಂಚಿಡಿ, ಕರಗಿಸಿ ಮತ್ತೆ ಫ್ರೀಜ್ ಮಾಡುವುದು ಬೇಡವೇ ಬೇಡ. ನಮ್ಮಲ್ಲಿ ಒಂದು ಬೇಸಿಗೆಯಲ್ಲಿ ಕರೆಂಟ್ ಹೋಗಿ ಫ್ರೀಜರ್ ಅರ್ಧ ದಿನ ನಿಂತಿತ್ತು, ಯಾರಿಗೂ ತಿಳಿಯಲಿಲ್ಲ, ಆಮೇಲೆ ಒಂದು ತಿಂಗಳು ನಾವು ಸತ್ತ ಸಿಎಕ್ಸ್‌ಸಿಎಲ್12 ಜೊತೆ ಪ್ರಯೋಗ ಮಾಡಿದೆವು. ಈಗ ಫ್ರೀಜರ್ ಒಳಗೆ ಒಂದು ಲೋಟ ಐಸ್, ಮೇಲೆ ಒಂದು ನಾಣ್ಯ ಇಟ್ಟಿದ್ದೇನೆ. ನಾಣ್ಯ ಮುಳುಗಿದ್ದರೆ ಐಸ್ ಕರಗಿತ್ತು ಅಂತ ಅರ್ಥ.

ಇನ್ನೊಂದು ಟ್ರಾನ್ಸ್‌ವೆಲ್ ಇಡಿ, ಸಿಎಕ್ಸ್‌ಸಿಎಲ್12 ಮೇಲೂ ಕೆಳಗೂ ಒಂದೇ ಪ್ರಮಾಣದಲ್ಲಿ. ಆಗಲೂ ಸೆಲ್ಸ್ ಅಷ್ಟೇ ಇಳಿದರೆ ಅವು ಆ ವಾಸನೆ ಹಿಡಿದು ಹೋಗುತ್ತಿಲ್ಲ, ಸುಮ್ನೆ ಚುರುಕಾಗಿ ಅಡ್ಡಾಡುತ್ತಿವೆ ಅಷ್ಟೇ.

ಜಾಸ್ತಿ ಹಾಕಿದರೆ ಜಾಸ್ತಿ ತಡೆಯುತ್ತದೆ ಅಂತ 50, 100 ಮೈಕ್ರೋಮೋಲಾರ್‌ಗೆ ಹೋಗಬೇಡಿ. ಸಿಎಕ್ಸ್‌ಸಿಎಲ್12 ಕೂರುವ ಇನ್ನೊಂದು ಪ್ರೋಟೀನ್ ಇದೆ, ಎಸಿಕೆಆರ್3, ಹಳೇ ಹೆಸರು ಸಿಎಕ್ಸ್‌ಸಿಆರ್7. 10 ಮೈಕ್ರೋಮೋಲಾರ್ ದಾಟಿದ ಮೇಲೆ ಎಎಮ್‌ಡಿ3100 ಅದನ್ನು ತಡೆಯುವ ಬದಲು ಎಚ್ಚರಿಸುತ್ತದೆ. ಒಂದು ಬಾಗಿಲು ಮುಚ್ಚಲು ಹೋಗಿ ಪಕ್ಕದ ಬಾಗಿಲು ತಟ್ಟಿದ ಹಾಗೆ. 0.1ರಿಂದ 10ರ ತನಕ ನಾಲ್ಕೈದು ಪ್ರಮಾಣ ಹಾಕಿ ಗೆರೆ ಎಳೆಯಿರಿ. ಒಂದೇ ಪ್ರಮಾಣದ ಒಂದು ಕಂಬ ತೋರಿಸಿದರೆ ಪರೀಕ್ಷಕರು ಖಂಡಿತ ಕೇಳುತ್ತಾರೆ.

ದುಡ್ಡಿದ್ದರೆ ಎರಡನೇ ಅಣು ಒಂದು ತರಿಸಿ, ಐಟಿ1ಟಿ. 2010ರಲ್ಲಿ ಸಿಎಕ್ಸ್‌ಸಿಆರ್4ರ ಹರಳಿನ ರಚನೆ ಮೊದಲು ಕಂಡಾಗ ಒಳಗೆ ಕೂತಿದ್ದ ಅಣುಗಳಲ್ಲಿ ಇದೂ ಒಂದು. ಎಎಮ್‌ಡಿ3100ಗೂ ಇದಕ್ಕೂ ಆಕಾರದಲ್ಲಿ ಹೋಲಿಕೆಯೇ ಇಲ್ಲ. ಎರಡೂ ಅಣು ಒಂದೇ ಉತ್ತರ ಕೊಟ್ಟರೆ ಆಗ ಮಾತು ಗಟ್ಟಿ.


ಮದ್ದೂರು_ಹೈದ:

ನಾನು ಸೈನ್ಸ್ ಓದಿದವನಲ್ಲ, ಕಬ್ಬು ಬೆಳೆಯುವವನು. ಪ್ಲೆರಿಕ್ಸಾಫೋರ್ ಅನ್ನುವ ಹೆಸರು ಹುಡುಕಿಕೊಂಡು ಇಲ್ಲಿಗೆ ಬಂದೆ, ಎಲ್ಲವನ್ನೂ ಎರಡು ಸಲ ಓದಿದೆ. ತಪ್ಪು ತಿಳಿಯಬೇಡಿ, ಒಂದು ಮಾತು ಕೇಳಬೇಕು.

ನಮ್ಮ ತಂದೆಗೆ ಮೈಲೋಮಾ, ಮೂಳೆಮಜ್ಜೆಯ ಕ್ಯಾನ್ಸರ್. ಹೋದ ವರ್ಷ ಬೆಂಗಳೂರಿನಲ್ಲಿ ಅವರದ್ದೇ ಕಾಂಡಕೋಶ ತೆಗೆದು ಅವರಿಗೇ ಹಾಕಿದರು. ಕಾಂಡಕೋಶ ರಕ್ತಕ್ಕೆ ಬರಲಿ ಅಂತ ನಾಲ್ಕು ದಿನ ಹೊಟ್ಟೆಗೆ ಸೂಜಿ ಕೊಟ್ಟರು, ಜಿ-ಸಿಎಸ್‌ಎಫ್ ಅಂತ. ಮೂಳೆ ನೋವು ಅಂತ ರಾತ್ರಿಯೆಲ್ಲ ಕೂತೇ ಇದ್ದರು. ನಾಲ್ಕನೇ ದಿನ ರಕ್ತದಲ್ಲಿ ಸಿಡಿ34 ಗುರುತಿರುವ ಕಾಂಡಕೋಶ ಎಣಿಸಿ, ಬಹಳ ಕಮ್ಮಿ ಇದೆ, ಇಷ್ಟಕ್ಕೆ ಆಗುವುದಿಲ್ಲ ಅಂದರು. ನಮ್ಮ ತಾಯಿ ಕಾರಿಡಾರಿನಲ್ಲಿ ಅತ್ತುಬಿಟ್ಟರು. ಆವತ್ತು ರಾತ್ರಿ ಪ್ಲೆರಿಕ್ಸಾಫೋರ್ ಒಂದು ಇಂಜೆಕ್ಷನ್ ಕೊಟ್ಟರು. ಬೆಲೆ ಕೇಳಿ ನನಗೆ ಕೈ ನಡುಗಿತು, ಆದರೂ ಕೊಡಿ ಅಂದೆ. ಬೆಳಗ್ಗೆ ಮಷಿನ್‌ಗೆ ಹಾಕಿದರು, ನಾಲ್ಕೈದು ಗಂಟೆ. ಸಣ್ಣ ಚೀಲದಲ್ಲಿ ಟೊಮೆಟೊ ಸಾರಿನ ಬಣ್ಣದ್ದು ಬಂತು. ಸಾಕಷ್ಟು ಸಿಕ್ಕಿದೆ ಅಂದಾಗ ನಮ್ಮ ತಂದೆ ಚೀಲಕ್ಕೆ ಕೈ ಮುಗಿದರು.

ನನ್ನ ಪ್ರಶ್ನೆ ಇಷ್ಟೇ. ಟವೆಲ್ ಹಾಕಿದ ಹಾಗೆ ಅಂದರಲ್ಲ ಅಕ್ಕ, ತಡೆಯುವ ಔಷಧಿ ಹಾಕಿದರೆ ಕಾಂಡಕೋಶ ನಿಂತುಹೋಗಬೇಕಲ್ವಾ? ನಮ್ಮ ತಂದೆಗೆ ಅದು ಹೊರಗೆ ಬಂತು. ಇದು ಹೇಗೆ? ಮತ್ತೆ ಆ ಟವೆಲ್ ಈಗಲೂ ಅವರ ಮೈಯಲ್ಲಿ ಇದೆಯಾ? ಅವರ ಕಿಡ್ನಿ ಸ್ವಲ್ಪ ವೀಕ್, ಆ ಚಿಂತೆ.


ಲೇಸರ್_ಅಕ್ಕ:

ಅಣ್ಣ, ತಪ್ಪು ತಿಳಿಯುವ ಮಾತೇ ಇಲ್ಲ. ಇಲ್ಲಿ ಕೇಳಿದ ಪ್ರಶ್ನೆಗಳಲ್ಲಿ ನಿಮ್ಮದೇ ಚೆನ್ನಾಗಿದೆ.

ಮೂಳೆಮಜ್ಜೆಯಲ್ಲಿ ಸಿಎಕ್ಸ್‌ಸಿಎಲ್12 ಯಾವಾಗಲೂ ಉತ್ಪತ್ತಿಯಾಗುತ್ತಾ ಇರುತ್ತದೆ. ಕಾಂಡಕೋಶ ಅಲ್ಲೇ ಉಳಿಯಲು ಅದೇ ಕಾರಣ. ಕರು ಹಸುವಿನ ಹತ್ತಿರವೇ ಇರುತ್ತದೆ ಅಲ್ವಾ, ಹಗ್ಗ ಇಲ್ಲದಿದ್ದರೂ ವಾಸನೆಗೇ ನಿಂತಿರುತ್ತದೆ. ಔಷಧಿ ಆ ವಾಸನೆ ತಿಳಿಯದ ಹಾಗೆ ಮಾಡುತ್ತದೆ. ಕಾಂಡಕೋಶಕ್ಕೆ ಮಜ್ಜೆಯ ಕಡೆ ಸೆಳೆತ ಕಮ್ಮಿಯಾಗಿ ರಕ್ತಕ್ಕೆ ಇಳಿಯುತ್ತದೆ. ತಟ್ಟೆಯಲ್ಲಿ ನಮ್ಮ ತಂಗಿಯ ಸೆಲ್ಸ್ ಸಿಎಕ್ಸ್‌ಸಿಎಲ್12 ಕಡೆಗೆ ಹೋಗುವುದು ನಿಲ್ಲುತ್ತದೆ, ನಿಮ್ಮ ತಂದೆಯ ಮೈಯಲ್ಲಿ ಸಿಎಕ್ಸ್‌ಸಿಎಲ್12 ಹತ್ತಿರ ಉಳಿಯುವುದು ನಿಲ್ಲುತ್ತದೆ. ತಡೆದದ್ದು ಒಂದನ್ನೇ. ರಾತ್ರಿ ಕೊಟ್ಟು ಬೆಳಗ್ಗೆ ಮಷಿನ್‌ಗೆ ಹಾಕಿದ್ದಕ್ಕೂ ಕಾರಣ ಇದೆ, ಮಷಿನ್‌ಗೆ ಹಾಕುವ ಸುಮಾರು 11 ಗಂಟೆ ಮೊದಲು ಕೊಡಬೇಕು ಅಂತ ಔಷಧಿಯ ಕ್ರಮ.

ಟವೆಲ್ ಈಗ ಇಲ್ಲ. ಮೂರರಿಂದ ಐದು ಗಂಟೆಗೆ ಅರ್ಧ, ಅಷ್ಟೇ ಹೊತ್ತಿಗೆ ಉಳಿದದ್ದರಲ್ಲಿ ಅರ್ಧ, ಹೀಗೆ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಕಿಡ್ನಿ ವೀಕ್ ಇದ್ದವರಿಗೆ ನಿಧಾನ ಆಗುತ್ತದೆ, ಅದಕ್ಕೆ ಕೆಜಿಗೆ 0.24 ಮಿಲಿಗ್ರಾಂ ಬದಲು 0.16 ಕೊಡುತ್ತಾರೆ. ಹೋದ ವರ್ಷದ್ದು ಇವತ್ತಿಗೆ ಮೈಯಲ್ಲಿ ಉಳಿದಿರುವುದಿಲ್ಲ. ಕಿಡ್ನಿ ಚಿಂತೆ ಮೈಲೋಮಾದಿಂದಲೇ ಬರುವುದು ಜಾಸ್ತಿ, ಕ್ರಿಯಾಟಿನಿನ್ ರಿಪೋರ್ಟ್ ಇಟ್ಟುಕೊಂಡು ನಿಮ್ಮ ಡಾಕ್ಟರ್ ಹತ್ತಿರವೇ ಕೇಳಿ, ಮುಂದಿನ ಸಲ ಹೋದಾಗ ಮರೆಯಬೇಡಿ.

ಇನ್ನೊಂದು ಮಾತು, ಎಲ್ಲರಿಗೂ ಸೇರಿ ಹೇಳುತ್ತೇನೆ. ಲ್ಯಾಬಿನ ಡಬ್ಬಿಯಲ್ಲಿರುವುದೂ ಆಸ್ಪತ್ರೆಯದ್ದೂ ಅಣು ಒಂದೇ. ಆದರೆ ಲ್ಯಾಬಿನದ್ದರ ಮೇಲೆ ಸಂಶೋಧನೆಗೆ ಮಾತ್ರ ಅಂತ ಇರುತ್ತದೆ, ಅದನ್ನು ಇಂಜೆಕ್ಷನ್‌ಗೆ ಬೇಕಾದ ಹಾಗೆ ಶುದ್ಧ ಮಾಡಿರುವುದಿಲ್ಲ. ಬೆಲೆ ಕಮ್ಮಿ ಅಂತ ಯಾರಾದರೂ ಅಂಥದ್ದು ತಂದುಕೊಡುತ್ತೇನೆ ಅಂದರೆ ಹತ್ತಿರ ಸೇರಿಸಬೇಡಿ.


ಹಳೇ_ಬೀಕರ್:

ಮದ್ದೂರಿನವರೇ, ಕೋಶ ವಾಪಸ್ ಹಾಕಿದ ದಿನ ರೂಮಿನಲ್ಲಿ ಬೆಳ್ಳುಳ್ಳಿ ವಾಸನೆ ಬಂದಿತ್ತಾ?


ಮದ್ದೂರು_ಹೈದ:

ಹೌದು ಸರ್! ಎರಡು ದಿನ ಇತ್ತು. ಊಟ ಯಾರು ತಂದರು ಅಂತ ನಮ್ಮ ತಾಯಿ ನರ್ಸನ್ನೇ ಕೇಳಿದರು. ನಿಮಗೆ ಹೇಗೆ ಗೊತ್ತಾಯಿತು?


ಹಳೇ_ಬೀಕರ್:

ಅದೇ ಡಿಎಮ್‌ಎಸ್‌ಒ. ಕೋಶಗಳನ್ನು ಫ್ರೀಜ್ ಮಾಡುವಾಗ ಒಳಗೆ ಐಸ್ ಹರಳು ಕಟ್ಟಿ ಒಡೆಯದಿರಲಿ ಅಂತ ಹಾಕುತ್ತಾರೆ. ಮೈಗೆ ಸೇರಿದ ಮೇಲೆ ಅದರಲ್ಲಿ ಸ್ವಲ್ಪ ಡೈಮೀಥೈಲ್ ಸಲ್ಫೈಡ್ ಆಗಿ ಉಸಿರಿನಲ್ಲಿ ಬರುತ್ತದೆ, ವಾಸನೆ ಅದರದ್ದು. ತಂದೆಯವರು ಈಗ ಹೇಗಿದ್ದಾರೆ?


ಮದ್ದೂರು_ಹೈದ:

ಚೆನ್ನಾಗಿದ್ದಾರೆ ಸರ್. ಮುದ್ದೆ ಊಟ ಮಾಡುತ್ತಾರೆ, ಬೆಳಗ್ಗೆ ಗದ್ದೆ ಬದುವಿನ ತನಕ ನಡೆಯುತ್ತಾರೆ. ನಿಮ್ಮೆಲ್ಲರ ಉತ್ತರ ಅವರಿಗೆ ಓದಿ ಹೇಳಿದೆ. ಕರುವಿನ ಮಾತು ಎರಡು ಸಲ ಓದಿಸಿಕೊಂಡರು. ಹಲ್ಲಿನ ಮೇಲೆ ಕೆಲಸ ಮಾಡುವ ಆ ಹುಡುಗಿಗೆ ಒಳ್ಳೆಯದಾಗಲಿ ಅಂತ ಹೇಳು ಅಂದರು.


ಕುಕ್ಕರಹಳ್ಳಿ_ಏರಿ:

ತಡವಾಗಿ ಬರೆಯುತ್ತಿದ್ದೇನೆ, ಹತ್ತು ದಿನ ಲ್ಯಾಬಿನಲ್ಲೇ ಇದ್ದೆ. ಮದ್ದೂರಿನ ಅಣ್ಣ, ನಿಮ್ಮ ತಂದೆಯವರ ಆಶೀರ್ವಾದ ಓದಿ ಕಣ್ಣು ತುಂಬಿತು. ನಾನು ಇಷ್ಟು ದಿನ ಈ ಅಣುವನ್ನು ಒಂದು ಬಿಳಿ ಪುಡಿ ಅಂತಷ್ಟೇ ನೋಡಿದ್ದೆ.

ಐಸ್ ಪ್ರಯೋಗ ಮಾಡಿದೆ. ಪಕ್ಕದ ವಿಭಾಗದಲ್ಲಿ ಜರ್ಕಟ್ ಸಿಕ್ಕಿತು. ಐಸ್ ಮೇಲೇ ಎಎಮ್‌ಡಿ3100 ಹಾಕಿದರೂ 12ಜಿ5 ಸಿಗ್ನಲ್ ಅಷ್ಟೇ ಬಿತ್ತು, 37 ಡಿಗ್ರಿಯ ಪ್ಲಾಟ್ ಮೇಲೆ ಇಟ್ಟು ನೋಡಿದರೆ ಎರಡು ಗೆರೆಯೂ ಒಂದರ ಮೇಲೊಂದು ಕೂತವು. ಲೇಸರ್ ಅಕ್ಕ ತಮ್ಮ ಹತ್ತಿರ ಉಳಿದಿದ್ದ 1ಡಿ9 ಕೊಟ್ಟರು. ಬೆಂಗಳೂರಿಂದ ಬರುತ್ತಿದ್ದ ಗೆಳತಿ ಒಬ್ಬಳು ಸಂಜೆಯ ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಥರ್ಮೋಕೋಲ್ ಡಬ್ಬಿ ಮಡಿಲಲ್ಲಿ ಇಟ್ಟುಕೊಂಡು ತಂದಳು, ಐಸ್ ಪ್ಯಾಕಿಗೆ ನೇರ ತಾಗಿ ಫ್ರೀಜ್ ಆಗದಿರಲಿ ಅಂತ ಮಧ್ಯೆ ಟವೆಲ್ ಸುತ್ತಿ. 1ಡಿ9 ಸಿಗ್ನಲ್ ಔಷಧಿ ಹಾಕಿದರೂ ಅಲ್ಲಾಡಲಿಲ್ಲ. ಸಿಎಕ್ಸ್‌ಸಿಎಲ್12 ಹಾಕಿ 37 ಡಿಗ್ರಿಯಲ್ಲಿ ಇಟ್ಟ ಟ್ಯೂಬಿನಲ್ಲಿ ಮಾತ್ರ ಅದು ಇಳಿಯಿತು.

ನನ್ನ ಸೆಲ್ಸ್‌ನಲ್ಲೂ ಇಡಿಟಿಎ ಹಾಕಿ ಎಬ್ಬಿಸಿದಾಗ ಸಿಗ್ನಲ್ ಮೊದಲಿಗಿಂತ ಚೆನ್ನಾಗಿ ಕಂಡಿತು, ಸಣ್ಣದೇ, ಆದರೆ ಐಸೋಟೈಪ್‌ನಿಂದ (ಹೋಲಿಕೆಗೆ ಹಾಕುವ, ಸಿಎಕ್ಸ್‌ಸಿಆರ್4 ಹಿಡಿಯದ ಆಂಟಿಬಾಡಿ) ಬೇರೆಯಾಗಿ ನಿಂತಿದೆ.

ನಾಲ್ಕು ಪ್ಲಾಟ್ ಪ್ರಿಂಟ್ ತೆಗೆದು ಗೈಡ್ ಸರ್ ಮೇಜಿನ ಮೇಲೆ ಇಟ್ಟೆ. ಸರ್ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಐಸ್ ಪ್ರಯೋಗದ ಯೋಚನೆ ಯಾರದ್ದು ಅಂತ ಕೇಳಿದರು, ಹೇಳಿದೆ. "ಸರಿ, ಒಳಗೆ ಹೋಗಿದೆ ಅನ್ನುವುದನ್ನು ತೆಗಿ. ಈ ನಾಲ್ಕು ಪ್ಲಾಟ್ ಸೆಮಿನಾರಿನಲ್ಲಿ ಮೊದಲ ಸ್ಲೈಡ್ ಮಾಡು" ಅಂದರು. ಸ್ಟಾಕ್ ಹೊಸದು ಮಾಡಿದ್ದೇನೆ, 7.94 ಮಿಲಿಗ್ರಾಂ, ಟ್ಯೂಬಿನ ಮೇಲೆ ಉಪ್ಪು ಅಂತ ಬರೆದಿದ್ದೇನೆ. ಟ್ರಾನ್ಸ್‌ವೆಲ್ ಸೋಮವಾರ ಶುರು, ಎರಡೂ ಕಡೆ ಔಷಧಿ, ಸೀರಮ್ ಇಲ್ಲ. ಫ್ರೀಜರ್‌ನಲ್ಲಿ ನಾಣ್ಯ ಇಟ್ಟಾಗಿದೆ.